ಏಳು ಹೋಗದ ಸಂಖ್ಯೆ

ಆ ಸಂಖ್ಯೆ 99,64,800. ಹನ್ನೊಂದು ತಿಂಗಳಿಂದ ಸುನಂದಾ ಅದನ್ನು ಬಸ್ಸಿನಲ್ಲಿ ಕೂತು ಒಡೆಯುತ್ತಿದ್ದಳು, ಬೇರೆಯವರು ಶೇಂಗಾ ಒಡೆಯುವ ಹಾಗೆ. ಕಾಗದವಿಲ್ಲ, ಪೆನ್ನಿಲ್ಲ, ಎಲ್ಲ ಮನಸ್ಸಿನಲ್ಲೇ. ಗಾಜಿಪುರದ ಮನೆಯಿಂದ ಬಸ್ ಸ್ಟ್ಯಾಂಡಿಗೆ ಆಟೊ, ಅಲ್ಲಿಂದ ಹುಮನಾಬಾದ ಬಸ್ಸು, ಕಮಲಾಪುರದಲ್ಲಿ ಇಳಿದರೆ ಹೈಸ್ಕೂಲು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಗಣಿತ ಕಲಿಸುತ್ತಿದ್ದಳು. ತಾಜಸುಲ್ತಾನಪುರ ದಾಟುವಷ್ಟರಲ್ಲಿ ಎರಡು ಸೊನ್ನೆ ಕಳಚಿ, ನೂರನ್ನು ಪಕ್ಕಕ್ಕಿಟ್ಟಿರುತ್ತಿದ್ದಳು. ಉಳಿದ 99,648ನ್ನು ಆರು ಸಲ ಎರಡರಿಂದ ಭಾಗಿಸಿದರೆ 1,557. ಅದನ್ನು ಒಂಬತ್ತರಿಂದ ಭಾಗಿಸಿದರೆ 173. ಅಲ್ಲಿಗೆ ಹಾದಿ ಮುಗಿಯುತ್ತಿತ್ತು. ನೂರ ಎಪ್ಪತ್ಮೂರು ಅವಿಭಾಜ್ಯ. ಅದರೊಳಗೆ ಯಾವುದೂ ಹೋಗುವುದಿಲ್ಲ.

ಒಡೆದದ್ದನ್ನು ತಿರುಗಿ ಕೂಡಿಸಿದರೆ ಚೆಂದ ಕೂಡುತ್ತಿತ್ತು. ಇನ್ನೂರ ನಲವತ್ತರ ವರ್ಗವನ್ನು ನೂರ ಎಪ್ಪತ್ಮೂರರಿಂದ ಗುಣಿಸಿದರೆ ಸರಿಯಾಗಿ ಅಷ್ಟೇ. ಒಂದು ದಿನ ಅದು ಎರಡು ವರ್ಗಗಳ ಮೊತ್ತವೂ ಹೌದೆಂದು ಗೊತ್ತಾಯಿತು: 3,120ರ ವರ್ಗ, 480ರ ವರ್ಗ. ಅಂದು ಇಳಿಯಬೇಕಾದ ಸ್ಟಾಪು ದಾಟಿ ಮುಂದೆ ಹೋಗಿದ್ದಳು. ಸಂತೋಷವಾಗಿತ್ತೆಂದಲ್ಲ. ಸಂತೋಷವೂ ಇಲ್ಲ, ದುಃಖವೂ ಇಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಸೂಜಿಯ ಪ್ರಭಾವ ಇಳಿಯುವ ತನಕ ನಾಲಿಗೆ ಆ ಜಾಗಕ್ಕೇ ಹೋಗಿ ತಡಕುತ್ತದಲ್ಲ, ಹಾಗೆ.

ಅವಳ ಗಂಡ ಅಮರನಾಥ ಸತ್ತ ದಿನ ಅತ್ತೆ ಶಿವಕಾಂತಮ್ಮ ಪೆನ್ನಿನ ಟೋಪಿ ಮುಚ್ಚಿದ್ದು ಆ ಸಂಖ್ಯೆಯ ಮೇಲೆ.

ಮಗನ ಕಿಡ್ನಿ ಸಣ್ಣಗೆ ಸೋಲುತ್ತಿವೆ ಎಂದು ಡಾಕ್ಟರು ಹೇಳಿದ ವಾರವೇ ಶಿವಕಾಂತಮ್ಮ ಹರಕೆ ಹೊತ್ತಿದ್ದಳು. ಓಂ ನಮಃ ಶಿವಾಯ ಎಂದು ಒಂದು ಕೋಟಿ ಸಲ ಬರೆಯುತ್ತೇನೆ, ಮಗನನ್ನು ಉಳಿಸಿಕೊಡು ಅಂತ. ಮೂರನೆಯ ಇಯತ್ತೆಯ ತನಕ ಕಲಿತ ಹೆಂಗಸು, ಆದರೆ ಬರೆಯುವುದರಲ್ಲಿ ಶಿಸ್ತು ಅಂದರೆ ಶಿಸ್ತು. ಪುಟಕ್ಕೆ ಇಪ್ಪತ್ತೆಂಟು ಗೆರೆ, ಗೆರೆಗೆ ಮೂರು. ಎಂಬತ್ನಾಲ್ಕು ಲಕ್ಷ ಯೋನಿಯ ಎಂಬತ್ನಾಲ್ಕೇ ಬಂತು ನೋಡು ಎಂದು ಹಿಗ್ಗಿದ್ದಳು. ದಿನಕ್ಕೆ ಮೂವತ್ತು ಪುಟ. ಮೈಯಲ್ಲಿ ನೆಟ್ಟಗಿಲ್ಲದ ದಿನ ಒಂದಕ್ಷರವೂ ಬರೆಯುತ್ತಿರಲಿಲ್ಲ, ಬರೆಯಲು ಕೂತರೆ ಮೂವತ್ತು ಮುಗಿಸದೆ ಏಳುತ್ತಿರಲಿಲ್ಲ. ಎಂಟು ದಿನಕ್ಕೆ ಇನ್ನೂರ ನಲವತ್ತು ಪುಟದ ಒಂದು ನೋಟ್‌ಬುಕ್ ತುಂಬುತ್ತಿತ್ತು.

ಕೂಡಿಸುವುದು ಸುನಂದಾಳ ಕೆಲಸ. ತುಂಬಿದ ಬುಕ್ಕಿನ ಕೊನೆಯ ಪುಟದಲ್ಲಿ ಒಟ್ಟು ಬರೆದು, ಅದನ್ನೇ ಹೊಸ ಬುಕ್ಕಿನ ಮೊದಲ ಪುಟಕ್ಕೆ ಇಳಿಸಿ, ಪಕ್ಕದಲ್ಲಿ ತಾರೀಖು ಹಾಕಬೇಕು. ಇಳಿಸಿದ ಮೇಲೆ ಒಂಬತ್ತರ ತಾಳೆ ನೋಡುತ್ತಿದ್ದಳು. ಅಂಕಿಗಳನ್ನೆಲ್ಲ ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಕೊನೆಗೆ ಉಳಿಯುವ ಒಂದೇ ಅಂಕಿ ಎರಡೂ ಕಡೆ ಒಂದೇ ಇದ್ದರೆ ಲೆಕ್ಕ ಸರಿ. ಅವಳ ಅಪ್ಪ ಕಲಿಸಿದ್ದು ಅದು. ಅವಳು ಕಮಲಾಪುರದ ಸಾವಿರಾರು ಮಕ್ಕಳಿಗೆ ಕಲಿಸಿದ್ದಳು. "ಒಂಬತ್ತು ಸುಳ್ಳ ಹೇಳಂಗಿಲ್ಲ" ಎನ್ನುವುದು ಶಾಲೆಯಲ್ಲಿ ಅವಳ ಮಾತೆಂದೇ ಹೆಸರಾಗಿತ್ತು. ಅತ್ತೆಯ ಬುಕ್ಕಿನಲ್ಲಿ ಪ್ರತಿ ಸಲವೂ ಒಂಬತ್ತೇ ಉಳಿಯುತ್ತಿತ್ತು. ಸಣ್ಣ ಸುತ್ತು ಹಾಕಿ ಒಳಗೆ 9 ಬರೆದು ಮುಚ್ಚಿಡುತ್ತಿದ್ದಳು. ತುಂಬಿದ ಬುಕ್ಕುಗಳನ್ನು ಶಾಲೆಯ ಚೀಲದಲ್ಲಿ ಒಯ್ದು ಕಮಲಾಪುರದ ಮಠಕ್ಕೆ ಕೊಡುವುದೂ ಅವಳೇ.

ಮಣ್ಣು ಕೊಟ್ಟು ಬಂದ ಮೂರನೆಯ ದಿನ ಶಿವಕಾಂತಮ್ಮ ಕೇಳಿದ್ದಳು. "ಎಷ್ಟಾಗಿತ್ತು?"

ಸುನಂದಾ ಹೇಳಿದ್ದಳು.

"ಕೋಟಿಗಿ ಎಷ್ಟ ಕಮ್ಮಿ?"

"ಮೂವತ್ತೈದ ಸಾವಿರದ ಎರಡ ನೂರು."

"ದಿನಾ ಹೇಳು."

"ಹದಿನಾಕ್ ದಿನ, ಅತ್ತಿ."

ಹದಿನಾಲ್ಕು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಅದರ ಹಿಂದಿನ ಚಳಿಗಾಲದಲ್ಲಿ ಸುನಂದಾ ಹಟ ಹಿಡಿದು ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದ್ದಳು. ಎರಡು ವಾರ ಕಣ್ಣಿಗೆ ಕೆಲಸ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಸರಿಯಾಗಿ ಹದಿನಾಲ್ಕು ದಿನ ಶಿವಕಾಂತಮ್ಮ ಬರೆದಿರಲಿಲ್ಲ.

ಆಮೇಲೆ ಅತ್ತೆ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ರೊಟ್ಟಿ ಬಡಿದಳು, ಪಲ್ಯ ಮಾಡಿದಳು, ಡಬ್ಬಿ ಕಟ್ಟಿದಳು. ಮಕ್ಕಳಿಲ್ಲದ ಮನೆಯಲ್ಲಿ ಉಳಿದವರು ಅವರಿಬ್ಬರೇ. ಸುನಂದಾ ಅಳಲಿಲ್ಲವೆಂದು ನೆಂಟರು ಮಾತಾಡಿಕೊಂಡರು. "ಲೆಕ್ಕದ ಟೀಚರ್ ನೋಡ್ರಿ, ಕಣ್ಣೀರ್‌ನೂ ಎಣಿಸಿ ಇಟ್ಟಾಳ" ಎಂದು ಒಬ್ಬಾಕೆ ಅಂದದ್ದು ಅವಳಿಗೂ ಕೇಳಿಸಿತ್ತು. ಸಿಟ್ಟು ಬರಲಿಲ್ಲ. ಮಾತು ಚೆನ್ನಾಗಿದೆ ಅನಿಸಿತು, ಅಷ್ಟೇ.

ಈಗ ಎಡಗಣ್ಣಿನ ಸರದಿ ಬಂದಿತ್ತು. ಪೊರೆ ಪೂರ್ತಿ ಹಣ್ಣಾಗಿದೆ, ಬಿಟ್ಟರೆ ಒಳಗೇ ಒಡೆದು ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದ್ದರು. ಒಂದು ಮುಂಜಾನೆ ಶಿವಕಾಂತಮ್ಮ ಚಹಾ ಸೋಸುವಾಗ ಅರ್ಧ ಕಪ್ಪಿಗೆ, ಅರ್ಧ ಕಟ್ಟೆಗೆ ಬಿತ್ತು.

"ಅತ್ತಿ, ಈ ವಾರ ಹೋಗಿ ಬರೂಣ್ರಿ."

"ಎಲ್ಲಿಗಿ?"

"ಕಣ್ಣಿನ ದವಾಖಾನಿಗಿ."

ಶಿವಕಾಂತಮ್ಮ ಬಟ್ಟೆ ತೊಗೊಂಡು ಕಟ್ಟೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ಒಂದ್ ಕಣ್ಣಿನ ಪೊರಿ ತೆಗಿಸಿದ್ದಕ್ಕ ಒಬ್ಬ ಮಗ ಹೋದ. ಇನ್ನೊಂದ್ ತೆಗಿಸಿದ್ರ ಯಾರ್ ಹೋಗವ್ರು? ಈಗ ನೀನೇ ಉಳದೀದಿ."

ಮಾತಿನಲ್ಲಿ ಕಹಿ ಇರಲಿಲ್ಲ. ಹಾಲು ಒಡೆದಿದೆ ಎನ್ನುವಷ್ಟೇ ಸಹಜವಾಗಿ ಅಂದಿದ್ದಳು. "ನೀ ಹೋಗು, ಬಸ್ ತಪ್ಪತದ" ಎಂದೂ ಸೇರಿಸಿದಳು.

ಅಂದು ಹತ್ತನೆಯ ತರಗತಿಗೆ ಲಸಾಅ ಪಾಠ. ಒಂದರಿಂದ ಹತ್ತರವರೆಗಿನ ಎಲ್ಲ ಸಂಖ್ಯೆಗಳೂ ನಿಶ್ಶೇಷವಾಗಿ ಹೋಗುವ ಅತಿ ಸಣ್ಣ ಸಂಖ್ಯೆ ಯಾವುದು? ಸುನಂದಾ ಬೋರ್ಡಿನ ಮೇಲೆ ಬರೆದು ಕೂತಳು. ಮುಂದಿನ ಸಾಲಿನ ಚಂದಮ್ಮ ಎಲ್ಲರಿಗಿಂತ ಮೊದಲು ಎದ್ದಳು.

"ಎರಡ್ ಸಾವಿರದ ಐನೂರ ಇಪ್ಪತ್ತು ಬಂತ್ರಿ ಮಿಸ್."

"ತಾಳೆ ನೋಡೀಯೇನ್?"

"ನೋಡೀನ್ರಿ. ಏಳೂ ಹೋಗ್ತದರಿ. ಅದೊಂದೇ ಕಾಡ್ಸತದರಿ ಯಾವಾಗ್ಲೂ."

ಸುನಂದಾ 2,520 ಎಂದು ಬೋರ್ಡಿಗೆ ಬರೆದಳು. ಬರೆದ ಕೈ ಅಲ್ಲೇ ನಿಂತಿತು. ಎಂಬತ್ನಾಲ್ಕನ್ನು ಮೂವತ್ತರಿಂದ ಗುಣಿಸಿದರೆ 2,520. ಅತ್ತೆಯ ಒಂದು ದಿನ. ಬರೆದರೆ ಮೂವತ್ತು ಪುಟ, ಇಲ್ಲವಾದರೆ ಸೊನ್ನೆ. ಅಂದ ಮೇಲೆ ಆಕೆಯ ಒಟ್ಟು ಎಷ್ಟೇ ಇರಲಿ, ಎಷ್ಟು ವರ್ಷದ್ದೇ ಇರಲಿ, ಅದರೊಳಗೆ ಒಂದರಿಂದ ಹತ್ತರವರೆಗೆ ಎಲ್ಲವೂ ಹೋಗಲೇಬೇಕು. ಏಳೂ ಹೋಗಬೇಕು.

ಆದರೆ 99,64,800ರ ಒಳಗೆ ಏಳು ಇಲ್ಲವೆಂದು ಅವಳಿಗೆ ಬಾಯಿಪಾಠವಾಗಿತ್ತು. ಹನ್ನೊಂದು ತಿಂಗಳು ಒಡೆದಿದ್ದಾಳೆ. ಎರಡು ಎಂಟು ಸಲ, ಮೂರು ಎರಡು ಸಲ, ಐದು ಎರಡು ಸಲ, ಒಂದು ನೂರ ಎಪ್ಪತ್ಮೂರು. ಏಳು ಎಲ್ಲೂ ಇಲ್ಲ. ಭಾಗಿಸಿದರೆ ಆರು ಉಳಿಯುತ್ತದೆ.

"ಮಿಸ್, ತಪ್ಪದ ಏನ್ರಿ?" ಎಂದಳು ಚಂದಮ್ಮ.

"ನಿಂದು ಬರೋಬ್ಬರಿ ಅದ. ಕುಂದ್ರು."

ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹೋಗದೆ ಮಠಕ್ಕೆ ನಡೆದಳು. ಬಾಳೆಯ ತೋಟಗಳ ಪಕ್ಕದ ಕೆಮ್ಮಣ್ಣಿನ ಹಾದಿ. ಮಠದ ಉಗ್ರಾಣ ನೋಡಿಕೊಳ್ಳುವ ಮಲ್ಲಣ್ಣ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದ.

"ಬರ್ರಿ ಟೀಚರವ್ವ. ಯಜಮಾನಿ ಮತ್ತ ಬರಿಯಾಕ ಹಿಡದಾರೇನು?"

"ಇಲ್ಲ. ಬುಕ್ ಒಮ್ಮಿ ಎಣಿಸಬೇಕಿತ್ತು."

"ಎಣಿಸ್ರಿ, ಎಣಿಸ್ರಿ. ಹೊಸ ಗುಡಿ ಪಾಯಾದಾಗ ಇಡತೀವಿ ಅಂತ ಮಠದ ಅಪ್ಪಾರ ಹೇಳಿ ಐದ್ ವರ್ಷ ಆತು. ಗುಡಿ ಬರಂಗಿಲ್ಲ, ಇಲಿ ಬರ್ತಾವ."

ಇಪ್ಪತ್ತೈದಕ್ಕೊಂದು ಗಂಟಿನಂತೆ ಕೆಂಪು ಬಟ್ಟೆಯಲ್ಲಿ ಕಟ್ಟಿ ಟ್ರಂಕುಗಳಲ್ಲಿ ಇಟ್ಟಿದ್ದರು. ಹತ್ತೊಂಬತ್ತು ಗಂಟು, ಮೇಲೆ ಬಿಡಿ ಇಪ್ಪತ್ಮೂರು, ದುಃಖದ ದಿನಗಳು ಮುಗಿದ ಮೇಲೆ ಅವಳೇ ತಂದು ಕೊಟ್ಟ ಕೊನೆಯದೂ ಸೇರಿ. ನಾನೂರ ತೊಂಬತ್ತೆಂಟು. ಅವಳ ಒಟ್ಟಿನ ಪ್ರಕಾರ ನಾನೂರ ತೊಂಬತ್ನಾಲ್ಕು ಇರಬೇಕಿತ್ತು. ಮಲ್ಲಣ್ಣನಿಂದಲೂ ಒಮ್ಮೆ ಎಣಿಕೆ ಮಾಡಿಸಿದಳು. ನಾನೂರ ತೊಂಬತ್ತೆಂಟೇ.

ತಪ್ಪು ಸಿಕ್ಕಿದ್ದು ಹದಿನೆಂಟನೆಯ ಗಂಟಿನಲ್ಲಿ. ಒಂದು ಬುಕ್ಕಿನ ಕೊನೆಯ ಪುಟದಲ್ಲಿ 87,69,600. ಮುಂದಿನ ಬುಕ್ಕಿನ ಮೊದಲ ಪುಟದಲ್ಲಿ 86,79,600. ಏಳು, ಆರು ಜಾಗ ಬದಲಿಸಿದ್ದವು. ಎರಡೂ ತನ್ನದೇ ಅಕ್ಷರ. ಎರಡರ ಪಕ್ಕದಲ್ಲೂ ಸುತ್ತು, ಸುತ್ತಿನೊಳಗೆ 9. ಅಂಕಿ ಜಾಗ ಬದಲಿಸಿದರೆ ಮೊತ್ತ ಬದಲಾಗುವುದಿಲ್ಲ, ಒಂಬತ್ತಿಗೆ ಗೊತ್ತೇ ಆಗುವುದಿಲ್ಲ. ಇದನ್ನು ಮಕ್ಕಳಿಗೆ ಅವಳು ಯಾವತ್ತೂ ಹೇಳಿರಲಿಲ್ಲ. ತಾರೀಖು ನೋಡಿದಳು. ಅದು ಡಯಾಲಿಸಿಸ್‌ನ ದಿನ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ತೊಡೆಯ ಮೇಲಿಟ್ಟುಕೊಂಡು ಬರೆದದ್ದು. ಅಮರನಾಥ ಒಳಗಿದ್ದ.

ತೊಂಬತ್ತು ಸಾವಿರ ಕಳೆದುಹೋಗಿತ್ತು. ಅದನ್ನು ಸೇರಿಸಿದರೆ 1,00,54,800.

ನಿಂತಲ್ಲೇ ನಿಂತು ಇನ್ನೊಂದು ಲೆಕ್ಕ ಮಾಡಿದಳು. ನಾನೂರ ತೊಂಬತ್ತಾರು ಬುಕ್ಕಿಗೆ 99,99,360. ಕೋಟಿಗೆ ಆರುನೂರ ನಲವತ್ತು ಬೇಕು. ಎಂದರೆ ಮುಂದಿನ ಬುಕ್ಕಿನ ಏಳು ಪುಟ ಪೂರ್ತಿ, ಎಂಟನೆಯದರಲ್ಲಿ ಐವತ್ತೆರಡು. ಬಿಡಿ ಬುಕ್ಕುಗಳಲ್ಲಿ ಕೊನೆಯಿಂದ ಎರಡನೆಯದನ್ನು ತೆಗೆದಳು. ಎಂಟನೆಯ ಪುಟ, ಹದಿನೆಂಟನೆಯ ಗೆರೆ, ಎಡಗಡೆಯ ಮೊದಲನೆಯದು. ಓಂ ನಮಃ ಶಿವಾಯ. ಹಿಂದಿನದರ ಹಾಗೆಯೇ ಇತ್ತು, ಮುಂದಿನದರ ಹಾಗೆಯೇ ಇತ್ತು.

ಬುಕ್ಕಿನ ಮೊದಲ ಪುಟದ ತಾರೀಖು ಅಮರನಾಥ ಸಾಯುವುದಕ್ಕೆ ಇಪ್ಪತ್ತೊಂದು ದಿನ ಮೊದಲಿನದು.

"ಏನಾತ್ರಿ?" ಎಂದ ಮಲ್ಲಣ್ಣ.

"ಇದೊಂದ್ ಮನಿಗಿ ಒಯ್ತೀನಿ."

"ಒಯ್ಯರಿ. ಕೊಟ್ಟಾವ್ರು ನೀವ, ಕೇಳಾವ್ರು ಯಾರು."

ತಿರುಗಿ ಹೋಗುವ ಬಸ್ಸಿನಲ್ಲಿ ಆಸ್ಮಾ ಸಿಕ್ಕಳು. ಅದೇ ಶಾಲೆಯ ವಿಜ್ಞಾನದ ಟೀಚರ್, ಅಂದು ಮೌಲ್ಯಮಾಪನದ ಕೆಲಸಕ್ಕೆ ನಿಂತಿದ್ದವಳು. ಸುನಂದಾ ಬುಕ್ಕು ತೊಡೆಯ ಮೇಲಿಟ್ಟುಕೊಂಡು ಎಲ್ಲ ಹೇಳಿದಳು. ದರದ ಪಟ್ಟಿ ಓದಿದ ಹಾಗೆ ಹೇಳಿದಳು.

ಆಸ್ಮಾ ಬುಕ್ಕು ತೊಗೊಂಡು ಮೊದಲ ಪುಟದ ತಾರೀಖು ನೋಡಿದಳು. "ಯಾ ಅಲ್ಲಾ. ಅಂದ್ರ ಕೋಟಿ ಪೂರಾ ಆಗಿತ್ತು. ಸಾಹೇಬ್ರು ಜೀವಂತ ಇದ್ರು."

"ಹೂಂ."

"ಹೇಳತೀರೇನು ಅವ್ರಿಗಿ?"

"ಹೇಳಿದ್ರ ಆ ಹದಿನಾಕ್ ದಿನದ ಭಾರ ಇಳೀತದ. ಕಣ್ಣ ತೋರಿಸ್ಕೋತಾರ."

"ಮತ್ತ ದೇವರು?"

ಸುನಂದಾ ಬುಕ್ಕು ತಿರುಗಿ ತೊಗೊಂಡು ಚೀಲದಲ್ಲಿಟ್ಟಳು.

"ನೋಡ್ರಿ ಮೇಡಂ," ಎಂದಳು ಆಸ್ಮಾ, "ಈಗ ಅವ್ರು ತಮ್ಮನ್ನ ತಾವು ಬೈಕೊಂಡ್ ಜೀವ ಹಿಡದಾರ. ಅದೂ ಕಸ್ಕೊಂಡ್ರ ಏನ್ ಹಿಡ್ಕೋಬೇಕು ಪಾಪ? ನಾ ಆಗಿದ್ರ ಬುಕ್ ತಿರುಗಿ ಟ್ರಂಕಿನಾಗ ಇಟ್ ಬರ್ತಿದ್ದೆ."

"ಕಣ್ಣು ಹೋಗ್ತದಲ್ರಿ."

"ಅದೂ ಖರೇ," ಎಂದಳು ಆಸ್ಮಾ. ತಾಜಸುಲ್ತಾನಪುರ ಬಂತು, ಹೋಯಿತು. ಆ ಸಂಜೆ ಸುನಂದಾ ಏನನ್ನೂ ಒಡೆಯಲಿಲ್ಲ.

ಮನೆಗೆ ಬಂದಾಗ ಶಿವಕಾಂತಮ್ಮ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಕಲ್ಲು ಕಾಣದೆ ಬೆರಳಿನಿಂದ ತಡಕುತ್ತಿದ್ದಳು. ಸಿಕ್ಕಿದ್ದನ್ನು ಬಲಗಣ್ಣಿನ ಹತ್ತಿರ ತಂದು ನೋಡಿ, ಅಕ್ಕಿಯಾಗಿದ್ದರೆ ತಿರುಗಿ ಹಾಕುತ್ತಿದ್ದಳು. ಸುನಂದಾ ಚೀಲ ಇಳಿಸಿ ಎದುರಿಗೆ ಕೂತಳು. ಮುಖ ತೊಳೆಯಲಿಲ್ಲ, ಸೀರೆ ಬದಲಿಸಲಿಲ್ಲ. ತೊಳೆದು ಬದಲಿಸಿ ಬಂದರೆ ಹೇಳುವುದಿಲ್ಲವೆಂದು ಗೊತ್ತಿತ್ತು.

"ಅತ್ತಿ, ನಾ ಲೆಕ್ಕ ತಪ್ಪಿದ್ದೆರಿ."

"ಯಾವ ಲೆಕ್ಕ?"

"ನಿಮ್ಮ ಕೋಟಿದು. ಒಂದ್ ಬುಕ್ಕಿನಿಂದ ಇನ್ನೊಂದಕ್ಕ ಇಳಿಸೂ ಮುಂದ ಎರಡ್ ಅಂಕಿ ಅದಲಿ ಬದಲಿ ಬರದೀನಿ. ತೊಂಬತ್ತ ಸಾವಿರ ಬಿಟ್ ಹೋಗ್ಯಾದ. ನಿಮ್ದು ಕೋಟಿ ಮುಗದಿತ್ತು. ಮುಗದು ಇಪ್ಪತ್ತೊಂದು ದಿನಕ್ಕ ಅವ್ರು ಹೋಗ್ಯಾರ."

ಶಿವಕಾಂತಮ್ಮನ ಬೆರಳು ಅಕ್ಕಿಯಲ್ಲಿ ನಿಂತವು. "ಈಗ ಯಾಕ ಹೇಳಾಕತ್ತೀದಿ? ನನಗ ಸಮಾಧಾನ ಆಗಲಂತ ಹೇಳತೀದೇನು?"

"ಇಲ್ರಿ. ಇಂದೇ ಗೊತ್ತಾತು. ಏಳು ಹೋಗಿರಲಿಲ್ಲ."

ಸುನಂದಾ ಬುಕ್ಕು ತೆಗೆದು ಎಂಟನೆಯ ಪುಟ ತಿರುವಿ, ಅತ್ತೆಯ ಬೆರಳು ಹಿಡಿದು ಆ ಗೆರೆಯ ಮೇಲಿಟ್ಟಳು. "ಇದೇ ನೋಡ್ರಿ. ಇದು ಕೋಟಿದು."

ಶಿವಕಾಂತಮ್ಮ ಬುಕ್ಕನ್ನು ಮುಖದ ತನಕ ಎತ್ತಿ, ತಲೆ ಓರೆ ಮಾಡಿ ಬಲಗಣ್ಣಿನಿಂದ ನೋಡಿದಳು. ಬೆಳಕಿನ ಕಡೆ ತಿರುಗಿಸಿಯೂ ನೋಡಿದಳು.

"ಮೊದಲಿನ ಓಂ ಸೊಟ್ಟ ಆಗ್ಯಾದ," ಎಂದಳು. ಬೆರಳನ್ನು ಮತ್ತೆ ಆ ಗೆರೆಯ ಮೇಲೆ ಎಳೆದು, "ಅವತ್ತ ನನ್ನ ಮಗ ಏನ್ ಮಾಡ್ದ?" ಎಂದಳು.

ಸುನಂದಾ ಇದಕ್ಕೆ ತಯಾರಾಗಿರಲಿಲ್ಲ. ದೇವರ ಮಾತು ಬರುತ್ತದೆ, ಬೈಗುಳ ಬರುತ್ತದೆ ಎಂದುಕೊಂಡಿದ್ದಳು. ಆದರೆ ಆ ದಿನ ಏನಾಯಿತೆಂದು ಅವಳಿಗೆ ನೆನಪಿತ್ತು. ತಾರೀಖು ನೋಡಿದಾಗಲೇ ನೆನಪಾಗಿತ್ತು.

"ನಾ ಕಮಲಾಪುರದಿಂದ ಕೆಂಪ ಬಾಳಿಹಣ್ಣು ತಂದಿದ್ದೆ, ನಿಮ್ಮ ಪೂಜಿಗಿ. ಅವ್ರು ಕಟ್ಟಿ ಮ್ಯಾಲ ಕೂತಿದ್ರು. ಒಂದ್ ಕೊಡು ಅಂದ್ರು. ಡಾಕ್ಟರ್ ಬ್ಯಾಡಂದಾರ, ಕಿಡ್ನಿಗಿ ಆಗಂಗಿಲ್ಲ ಅಂದೆ. ಅರ್ಧಾ ಕೊಡು, ಅರ್ಧಕ್ಕ ಏನಾಗ್ತದ ಅಂದ್ರು. ಅರ್ಧಕ್ಕ ಅರ್ಧಾ ಆಗ್ತದ ಅಂದೆ. ನಕ್ರು."

"ಕೊಟ್ಟೆ?"

"ಇಲ್ರಿ."

"ಕೊಡಬೇಕಿತ್ತು ನೀ."

"ಹೌದ್ರಿ."

ಶಿವಕಾಂತಮ್ಮ ಬುಕ್ಕು ಮುಚ್ಚಿ ಪಕ್ಕಕ್ಕಿಟ್ಟು ಮತ್ತೆ ಅಕ್ಕಿ ಆರಿಸತೊಡಗಿದಳು. ಮೊರ ಖಾಲಿಯಾಗುವ ತನಕ ಆರಿಸಿದಳು. ಎದ್ದು ನಿಂತು ಸೆರಗು ಕೊಡವಿ, "ತನ್ನ ಕೋಟಿ ತಾ ತೊಗೊಂಡ. ನನ್ನ ಮಗನ್ನೂ ತೊಗೊಂಡ. ತಪ್ಪ ಲೆಕ್ಕ ಅವಂದೇ ಅದ, ನಿಂದಲ್ಲ" ಎಂದು ಒಳಗೆ ಹೋದಳು.

ಮರುದಿನ ಮುಂಜಾನೆ ಅವಳು ಲಿಂಗಪೂಜೆಗೆ ಕೂರಲಿಲ್ಲ. ಅದರ ಮರುದಿನವೂ ಕೂರಲಿಲ್ಲ. ರೊಟ್ಟಿ ಬಡಿದಳು, ಡಬ್ಬಿ ಕಟ್ಟಿದಳು, ಮಾತಾಡಲಿಲ್ಲ. ಆಸ್ಮಾ ಹೇಳಿದ್ದೇ ಸರಿಯಿತ್ತೇನೋ ಎಂದು ಸುನಂದಾ ಯೋಚಿಸಿದಳು. ಯೋಚಿಸಿದ್ದೂ ಬೇರೆ ಯಾರೋ ಯೋಚಿಸಿದ ಹಾಗಿತ್ತು. ಮೂರನೆಯ ದಿನ ಹಣೆಯಲ್ಲಿ ವಿಭೂತಿ ಕಂಡಿತು, ಆದರೆ ಬಿಸಿಲೇರಿದ ಮೇಲೆ. ಗೆರೆಗಳೂ ಸಾಲಾಗಿರಲಿಲ್ಲ.

ನಾಲ್ಕನೆಯ ದಿನ ಸುನಂದಾ ಚಪ್ಪಲಿ ಮೆಟ್ಟುತ್ತಿರುವಾಗ ಶಿವಕಾಂತಮ್ಮ ಒಳಗಿನಿಂದ ಒಂದು ನೋಟ್‌ಬುಕ್ ತಂದು ಕೈಗೆ ಕೊಟ್ಟಳು. ಅದು ಕೊನೆಯದು, ಅಮರನಾಥ ಸತ್ತ ದಿನ ನಿಂತದ್ದು. ನೂರ ಎಂಬತ್ತು ಪುಟ ತುಂಬಿ ಅರವತ್ತು ಪುಟ ಖಾಲಿ ಇತ್ತು.

"ಖಾಲಿ ಹಾಳಿ ನಿನ್ನ ಸಾಲಿ ಪೋರಿಗಳಿಗಿ ಕೊಡು. ಲೆಕ್ಕ ಮಾಡ್ಕೋಲಿ."

"ಹೂಂ ರೀ."

"ಮತ್ತ ಆ ಡಾಕ್ಟರಗ ಫೋನ್ ಹಚ್ಚು. ಸೋಮವಾರ ಬರ್ತಾಳಂತ ಹೇಳು."

ಸುನಂದಾ ತಲೆಯೆತ್ತಿ ನೋಡಿದಳು.

"ಏನ್ ನೋಡ್ತೀದಿ? ಹನ್ನೊಂದ್ ತಿಂಗಳ ಬಾಯಿ ತೆರೀದ ನಿನಗ ಬೈದೀನಿ ನಾ, ಕಣ್ಣ ತೆಗಿಸಿದಿ ಅಂತ. ಮನಿ ತುಂಬ ಲೆಕ್ಕದ ಟೀಚರು, ಆರು ಏಳು ಬರಿಯಾಕ ಬರಂಗಿಲ್ಲ. ಇನ್ನ ಮ್ಯಾಲ ನೀ ಬರದಿದ್ದೆಲ್ಲ ನಾನೇ ನೋಡಬೇಕು. ಕಣ್ಣ ಬೇಕಲ್ಲ ಅದಕ್ಕ."

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ರೂಢಿಯಂತೆ ಎರಡು ಸೊನ್ನೆ ಕಳಚಿದಳು. ಆಮೇಲೆ ಬಿಟ್ಟಳು. ಆ ಸಂಖ್ಯೆ ಈಗ ಯಾವುದರ ಸಂಖ್ಯೆಯೂ ಅಲ್ಲ. ಯಾರೂ ಅಷ್ಟು ಬರೆದಿರಲಿಲ್ಲ, ಯಾರೂ ಅಲ್ಲಿ ನಿಂತಿರಲಿಲ್ಲ. ಇನ್ನೂರ ನಲವತ್ತರ ವರ್ಗ, ನೂರ ಎಪ್ಪತ್ಮೂರು, ಎಲ್ಲವೂ ತನ್ನ ಕೈತಪ್ಪಿನಿಂದ ಹುಟ್ಟಿದ್ದು. ಸರಿಯಾದದ್ದನ್ನು ಏಳರಿಂದ ಭಾಗಿಸಿ ನೋಡಿದಳು. 14,36,400. ಏನೂ ಉಳಿಯಲಿಲ್ಲ.

ಕಮಲಾಪುರದಲ್ಲಿ ಇಳಿದು, ಸ್ಟ್ಯಾಂಡಿನ ಎದುರಿನ ಗಾಡಿಯಲ್ಲಿ ಒಂದೇ ಒಂದು ಕೆಂಪು ಬಾಳೆಹಣ್ಣು ಕೊಂಡಳು. ಗಾಡಿಯ ನಬಿಸಾಬ್ ಡಜನಿಗೆ ಕಮ್ಮಿ ಕೊಟ್ಟು ರೂಢಿಯಿಲ್ಲವೆಂದು ನಗುತ್ತಲೇ ಕೊಟ್ಟ. ಅಲ್ಲೇ ನಿಂತು ಸುಲಿದು ಅರ್ಧ ತಿಂದಳು. ರುಚಿ ತಿಳಿಯಲಿಲ್ಲ. ಉಳಿದರ್ಧವನ್ನು ಸಿಪ್ಪೆಯಲ್ಲಿ ಮುಚ್ಚಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತಳು. ಚೀಲದಲ್ಲಿಟ್ಟರೆ ಸಂಜೆಯೊಳಗೆ ಕಪ್ಪಾಗುತ್ತದೆ. ಅದನ್ನೂ ತಿಂದು, ಕೈ ಒರೆಸಿಕೊಂಡು, ಶಾಲೆಯ ಕಡೆ ನಡೆದಳು.